ಗುಬ್ಬಿಯ ದ್ವೀಪ ಕದ್ದವನಿಗೆ ಏನು ಶಿಕ್ಷೆ?

ನಿಮ್ಮ ಮನೆಯಲ್ಲಿ ಬೆಳೆಯುವ ವಯಸ್ಸಿನ ಮಕ್ಕಳಿದ್ದಾರೆಯೇ? ಊಟಕ್ಕೆ ಕರೆದರೆ "ಬಂದೆ, ಬಂದೆ" ಎನ್ನುತ್ತ ಫೋನಿನಿಂದ ತಲೆ ಎತ್ತದ ಮಕ್ಕಳು? ಹಾಗಾದರೆ ಸ್ವಲ್ಪ ಹೊತ್ತು ಇಲ್ಲಿ ಕೂತು ಈ ಕಥೆ ಕೇಳಿ. ಒಲೆಯ ಮೇಲೆ ಹಾಲಿಟ್ಟಿದ್ದರೆ ಇಳಿಸಿ ಬನ್ನಿ. ಕಥೆ ಎಲ್ಲಿಗೂ ಓಡಿಹೋಗುವುದಿಲ್ಲ, ಹಾಲು ಉಕ್ಕಿದರೆ ಮಾತ್ರ ನನ್ನನ್ನು ಬೈಯುತ್ತೀರಿ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಲಾಂಡ್ರಿ ಇದೆ. ಮುಂದೆ ಅಂಗಡಿ, ಹಿಂದೆ ಲಾಂಡ್ರಿಯವರ ಮನೆ. ಮೇಲಿನ ಮಹಡಿಯಲ್ಲಿ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬಾಕೆ ಮತ್ತು ಅವಳ ಮಗಳು. ನಾನು ಆ ಅಂಗಡಿಯ ಒಂದು ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಕಿತ್ತುಹೋದ ಗುಂಡಿ, ಬಿಚ್ಚಿದ ಅಂಚು ಹೊಲಿದುಕೊಡುತ್ತೇನೆ. ಹಾಗಾಗಿ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು. ಮೆಟ್ಟಿಲ ಮೇಲೆ ಯಾರಾದರೂ ನಿಟ್ಟುಸಿರು ಬಿಟ್ಟರೂ ನನ್ನ ಮೂಲೆಗೆ ಕೇಳುತ್ತದೆ.

ಲಾಂಡ್ರಿಯವರ ಮಗನಿಗೆ ಹದಿನೈದು ವರ್ಷ. ಎಷ್ಟು ಬಡಿಸಿದರೂ ಮೈಗೆ ಹತ್ತುವುದಿಲ್ಲ, ಅದಕ್ಕೆ ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುತ್ತಾರೆ. ಮೇಲಿನ ಮನೆಯ ಹುಡುಗಿ ಗುಬ್ಬಿ ಅವನಿಗಿಂತ ಚಿಕ್ಕವಳು. ಲೆಕ್ಕ ಬಿಡಿಸಲು ಬಾರದಿದ್ದರೆ ಕಡ್ಡಿ ಅಣ್ಣ, ಸೈಕಲ್ ಚೈನು ಬಿದ್ದರೆ ಕಡ್ಡಿ ಅಣ್ಣ, ಫೋನ್ ನಿಂತುಹೋದರೂ ಕಡ್ಡಿ ಅಣ್ಣ. ಅಷ್ಟು ನಂಬಿಕೆ ಆ ಹುಡುಗಿಗೆ ಅವನ ಮೇಲೆ.

ಗುಬ್ಬಿಯ ಅಪ್ಪ ಸರಕು ಹಡಗಿನಲ್ಲಿ ಅಡುಗೆಯವರು. ಹೋದರೆಂದರೆ ತಿಂಗಳುಗಟ್ಟಲೆ ಸಮುದ್ರವೇ. ದಡ ಹತ್ತಿರ ಬಂದಾಗ ಮಾತ್ರ ಅವರಿಗೆ ಫೋನ್ ಸಿಗುತ್ತದೆ, ಆಗ ಇಲ್ಲಿ ಮಗಳು ಶಾಲೆಯಲ್ಲಿರುತ್ತಾಳೆ, ಇಲ್ಲವೇ ನಿದ್ದೆಯಲ್ಲಿರುತ್ತಾಳೆ. ಅದಕ್ಕೆ ಅಪ್ಪ ಮಗಳು ಒಂದು ಉಪಾಯ ಮಾಡಿಕೊಂಡಿದ್ದರು. ಫೋನಿನಲ್ಲಿ ಒಂದು ಆಟವಿದೆ. ಆಡುವ ಪ್ರತಿಯೊಬ್ಬರಿಗೂ ಅದರಲ್ಲಿ ಒಂದು ಖಾಲಿ ದ್ವೀಪ ಕೊಡುತ್ತಾರೆ. ಅಲ್ಲಿ ಕಲ್ಲು ಒಡೆಯಬೇಕು, ಗಿಡ ನೆಡಬೇಕು, ಮನೆ ಕಟ್ಟಬೇಕು. ಇವರಿಬ್ಬರೂ ಸೇರಿ ಒಂದೇ ದ್ವೀಪದಲ್ಲಿ ಕಟ್ಟುತ್ತಿದ್ದರು. ಅವಳು ಶಾಲೆಯಲ್ಲಿದ್ದಾಗ ಅಪ್ಪ ಬಂದು ಒಂದು ಕಲ್ಲುಬೆಂಚು ಇಟ್ಟು ಹೋಗುವರು. ಸಂಜೆ ಇವಳು ಅದರ ಪಕ್ಕ ಹೂಗಿಡ ನೆಡುವಳು. ಅಪ್ಪ ಕಿಟಕಿ ಇಟ್ಟರೆ ಇವಳು ಪರದೆ ಹಾಕುವಳು. ಹೀಗೆ ಮನೆ ಎದ್ದಿತು, ತೋಟವಾಯಿತು, ದ್ವೀಪದ ತುದಿಯಲ್ಲಿ ಅಪ್ಪ ಒಂದೊಂದೇ ಕಲ್ಲು ಇಟ್ಟು ಎತ್ತರದ ದೀಪಸ್ತಂಭ ಕಟ್ಟಿದರು. ಗುಬ್ಬಿಯ ಅಮ್ಮ ನನ್ನ ಹತ್ತಿರ ನಗುತ್ತ ಹೇಳುತ್ತಿದ್ದಳು, ಅಪ್ಪ ರಾತ್ರಿ ಏನಾದರೂ ಇಟ್ಟು ಹೋಗಿದ್ದರೆ ಬೆಳಗ್ಗೆ ಮಗಳ ಗಂಟಲಲ್ಲಿ ತಿಂಡಿ ಸರಾಗವಾಗಿ ಇಳಿಯುತ್ತದೆ ಎಂದು.

ಒಂದು ಸಂಜೆ ಗುಬ್ಬಿ ಮೆಟ್ಟಿಲಿಳಿದು ನೇರವಾಗಿ ನನ್ನ ಯಂತ್ರದ ಹತ್ತಿರ ಬಂದಳು. ಅಳುತ್ತಿರಲಿಲ್ಲ. ಫೋನನ್ನು ನನ್ನ ಮುಂದೆ ಹಿಡಿದಳು. ಮನೆ ಇಲ್ಲ, ಗಿಡ ಇಲ್ಲ, ಬೆಂಚು ಇಲ್ಲ. ಸುತ್ತ ನೀರು, ನಡುವೆ ಬರೀ ಮರಳು.

"ಯಾರೋ ಎಲ್ಲಾ ತಗೊಂಡು ಹೋಗಿದ್ದಾರೆ ಆಂಟಿ," ಎಂದಳು.

ಕಡ್ಡಿ ಅಲ್ಲೇ ಒಗೆದ ಶರ್ಟುಗಳನ್ನು ಮಡಚುತ್ತಿದ್ದ. ಯಾರೂ ಅವನ ಹೆಸರು ಎತ್ತಿರಲಿಲ್ಲ, ಅವನ ಕಡೆ ನೋಡಿಯೂ ಇರಲಿಲ್ಲ. ಅವನೇ ತಲೆ ಎತ್ತಿ, "ನಾನಂತೂ ಆ ಕಡೆ ಹೋಗೇ ಇಲ್ಲ," ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಸೂಜಿ ಕೆಳಗಿಟ್ಟು ಅವನ ಮುಖ ನೋಡಿದೆ. ಅವನು ಶರ್ಟಿನ ಕಾಲರಿನಲ್ಲಿ ಏನೋ ಹುಡುಕತೊಡಗಿದ.

ಗುಬ್ಬಿಯ ಅಮ್ಮ ಬೇಕರಿಯಿಂದ ಬಂದು ಎದುರು ನಿಂತು ಕೇಳಿದ ಮೇಲೆ ಎಲ್ಲ ಹೊರಬಿತ್ತು. ಕೆಲವು ದಿನಗಳ ಹಿಂದೆ ಗುಬ್ಬಿಯ ಫೋನ್ ಕೆಟ್ಟಾಗ ಅವಳೇ ಅದನ್ನು ಆಟದ ಪಾಸ್‌ವರ್ಡ್ ಸಮೇತ ಇವನ ಕೈಗೆ ಕೊಟ್ಟಿದ್ದಳು. ಇವನು ಫೋನ್ ಸರಿ ಮಾಡಿದ, ಪಾಸ್‌ವರ್ಡನ್ನು ಮಾತ್ರ ತಲೆಯಲ್ಲಿ ಇಟ್ಟುಕೊಂಡ. ಶಾಲೆಯಲ್ಲಿ ಇವನ ಗೆಳೆಯರ ನಡುವೆ ಯಾರ ದ್ವೀಪ ದೊಡ್ಡದು ಎಂಬ ಪೈಪೋಟಿ ನಡೆದಿತ್ತು, ಇವನದು ಎಲ್ಲರಿಗಿಂತ ಬಡಕಲು. ಒಂದು ಮಧ್ಯಾಹ್ನ ಗುಬ್ಬಿಯ ಹೆಸರಿನಲ್ಲಿ ಒಳಗೆ ಹೋಗಿ, ಅವಳ ದ್ವೀಪದಲ್ಲಿದ್ದುದನ್ನೆಲ್ಲ ತನಗೆ ತಾನೇ ಉಡುಗೊರೆ ಕಳಿಸಿಕೊಂಡುಬಿಟ್ಟ. ದೀಪಸ್ತಂಭ ಒಂದನ್ನು ಹಾಗೇ ಎತ್ತಿಕೊಂಡು ಹೋಗಲು ಆಟದಲ್ಲಿ ದಾರಿಯಿರಲಿಲ್ಲ. ಅದನ್ನು ಒಡೆದು ಕಲ್ಲು ಮಾಡಿ ಒಯ್ದ.

ಈಗ ಲಾಂಡ್ರಿಯವರ ಬಗ್ಗೆ ಎರಡು ಮಾತು. ಅವರು ಕೆಟ್ಟವರಲ್ಲ. ಗಿರಾಕಿಯ ಜೇಬಿನಲ್ಲಿ ಸಿಕ್ಕ ಚಿಲ್ಲರೆಯನ್ನೂ ಚೀಟಿ ಅಂಟಿಸಿ ತೆಗೆದಿಡುವ ಮನುಷ್ಯ. ಆದರೆ ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು ಮಾತ್ರ ನಿಜ ಎಂಬ ಜಾತಿ. ಗುಬ್ಬಿಯ ಅಮ್ಮ ಹೇಳಿದ್ದನ್ನು ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ.

"ಏನು ತಂಗಿ, ಫೋನೊಳಗಿನ ಮನೆ ಕಳುವಾಯ್ತಾ? ಹಾಗಿದ್ರೆ ಕನಸಲ್ಲಿ ಬಿದ್ದುಹೋದ ಗುಂಡಿನೂ ಇವರ ಹತ್ರ ಹೊಲಿಸ್ಕೋಬಹುದು," ಎಂದು ನನ್ನ ಕಡೆ ಕೈ ತೋರಿಸಿದರು. "ಅದಕ್ಕೆ ತೂಕ ಇಲ್ಲ, ಮುಟ್ಟೋಕಾಗಲ್ಲ, ಒಗೆದು ಒಣಗಿಸೋಕಾಗಲ್ಲ. ಅದೆಂಥ ಕಳ್ಳತನ? ಮಕ್ಕಳಾಟ, ಬಿಟ್ಟಾಕು."

ಅಂಗಡಿಯಲ್ಲಿದ್ದ ಒಬ್ಬಿಬ್ಬರು ಗಿರಾಕಿಗಳೂ ನಕ್ಕರು. ಗುಬ್ಬಿಯ ಅಮ್ಮ ನಗಲಿಲ್ಲ. ಶಾಲೆಗೆ ಹೋಗಿ ಹೇಳುತ್ತೇನೆ, ಅಲ್ಲಿ ಆಗದಿದ್ದರೆ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೇನೆ ಎಂದು ತಣ್ಣಗೆ ಹೇಳಿದಳು.

ಪೊಲೀಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಲಾಂಡ್ರಿಯವರ ನಗು ಇಂಗಿಹೋಯಿತು. ಗಿರಾಕಿಗಳ ಎದುರು ಮಾನ ಹೋಯಿತಲ್ಲ. ಮಗನ ಕೆನ್ನೆಗೆ ಒಂದು ಬಿಟ್ಟರು. ಅವನ ಫೋನ್ ಕಿತ್ತುಕೊಂಡರು. ಆ ಆಟವನ್ನು ಬೇರುಸಹಿತ ಕಿತ್ತು ಹಾಕು, ನಿನ್ನ ಅಕೌಂಟೇ ಇರಕೂಡದು ಎಂದು ಗುಡುಗಿದರು. ಕಡ್ಡಿ, "ಅಪ್ಪಾ, ಬೇಡ, ಅದರೊಳಗೆ..." ಎಂದು ಬಾಯಿ ತೆರೆದ. "ಎದುರು ಮಾತಾಡ್ತೀಯಾ?" ಎಂದು ಇನ್ನೊಂದು ಬಿಟ್ಟರು. ಫೋನು ಏನೋ ಉದ್ದಕ್ಕೆ ಬರೆದು ತೋರಿಸಿ, ಖಚಿತವೇ ಎಂದು ಕೇಳಿತು. ಲಾಂಡ್ರಿಯವರು ಓದಲಿಲ್ಲ. ತಾವೇ ಹೆಬ್ಬೆರಳು ಒತ್ತಿದರು.

ಆಮೇಲೆ ಎದೆ ಸೆಟೆಸಿ, "ತಗೋ ತಂಗಿ, ನ್ಯಾಯ ಆಯ್ತು," ಎಂದರು.

ಗುಬ್ಬಿ ಮೆಟ್ಟಿಲ ಕೊನೆಯಲ್ಲಿ ನಿಂತಿದ್ದಳು. "ಮಾಮ," ಎಂದಳು, "ನಮ್ಮ ಮನೆ ಅದರಲ್ಲೇ ಇತ್ತು."

ಇಲಿ ಕಾಟಕ್ಕೆ ಮನೆಗೇ ಬೆಂಕಿ ಇಟ್ಟರು ಎಂದು ಕೇಳಿದ್ದೆ. ಕಣ್ಣೆದುರು ನೋಡಿದ್ದು ಅದೇ ಮೊದಲು. ಕಳ್ಳನನ್ನು ಹಿಡಿದರು, ಬೈದರು, ಹೊಡೆದರು, ಕದ್ದ ಮಾಲನ್ನು ಅವರೇ ಸುಟ್ಟುಹಾಕಿದರು. ನನಗೆ ಆ ಕ್ಷಣ ಲಾಂಡ್ರಿಯವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವರ ಗಿರಾಕಿಯ ಕೋಟಿಗೆ ತಪ್ಪು ಗುಂಡಿ ಹೊಲಿದುಬಿಟ್ಟೆ.

ಮರುದಿನ ರಜೆ. ಲಾಂಡ್ರಿಯವರ ಹೆಂಡತಿ ತನ್ನ ಅತ್ತಿಗೆಗೆ ಫೋನ್ ಮಾಡಿ ಕರೆಸಿಕೊಂಡಿದ್ದಳು. ಆಕೆ ಲಾಂಡ್ರಿಯವರಿಗೆ ಸ್ವಂತ ಅಕ್ಕ, ಕಡ್ಡಿಗೆ ಸೋದರತ್ತೆ. ತಪ್ಪು ಮಾಡಿ ಸಿಕ್ಕಿಬಿದ್ದ ಮಕ್ಕಳನ್ನು ಕರೆತರುವ ಒಂದು ಸಹಾಯ ಕೇಂದ್ರದಲ್ಲಿ, ಆ ಮಕ್ಕಳ ಜೊತೆ, ಅವರ ಮನೆಯವರ ಜೊತೆ ಕೂತು ಮಾತಾಡುವುದೇ ಆಕೆಯ ಕೆಲಸ. ಬಂದವರೇ ಅಂಗಡಿಯ ಷಟರ್ ಅರ್ಧ ಇಳಿಸಿ, ಇಸ್ತ್ರಿ ಮಾಡುವ ಮೇಜಿನ ಸುತ್ತ ಸ್ಟೂಲುಗಳನ್ನು ಹಾಕಿಸಿದರು. ಗುಬ್ಬಿಯನ್ನೂ ಅವಳ ಅಮ್ಮನನ್ನೂ ಕರೆದರು. ನಾನು ಎದ್ದು ಹೊರಟರೆ, "ನೀವು ಕೂತ್ಕೊಳ್ಳಿ. ಹೇಗೂ ಮೂಲೆಯಿಂದ ಕೇಳಿಸ್ಕೋತೀರಿ," ಎಂದರು. ಅದೂ ನಿಜವೇ.

ಲಾಂಡ್ರಿಯವರು ತಮ್ಮ ಕಥೆ ಶುರು ಮಾಡಲು ಹೋದರು. ಅತ್ತೆ ಕೈ ಅಡ್ಡ ಹಿಡಿದರು. "ನೀನು ಆಮೇಲೆ. ಕಳ್ಕೊಂಡವಳು ಮೊದಲು ಮಾತಾಡ್ಲಿ."

ಗುಬ್ಬಿ ಮೇಜಿನ ಬಟ್ಟೆಯ ಸುಟ್ಟ ಗುರುತಿನ ಸುತ್ತ ಬೆರಳಾಡಿಸುತ್ತಿದ್ದಳು. ಕೊನೆಗೆ ಹೇಳಿದಳು: "ಅಪ್ಪನ ಹಡಗು ಸದ್ಯದಲ್ಲೇ ದಡಕ್ಕೆ ಬರುತ್ತೆ. ಬಂದ ತಕ್ಷಣ ಅಪ್ಪ ಅಲ್ಲಿಗೆ ಹೋಗ್ತಾರೆ. ಏನೂ ಇರಲ್ಲ. ನನಗೆ ಬೇಜಾರಾಗಿ ನಾನೇ ಎಲ್ಲಾ ಕೆಡವಿದೆ ಅಂದ್ಕೋತಾರೆ."

ಲಾಂಡ್ರಿಯವರು ಮೆಲ್ಲಗೆ, ಪಾಪ ಮಗು, ಆದರೂ ಅದು ನಿಜವಾದ ಮನೆಯೇನಲ್ಲವಲ್ಲ ಎಂದರು. ಆಗ ಅತ್ತೆ ತಮ್ಮನ ಕಡೆ ತಿರುಗಿದರು.

"ನಿನ್ನ ಅಂಗಡೀಲಿ ಕೆಲಸಕ್ಕಿದ್ದ ಒಬ್ಬನ್ನ ಬಿಡಿಸಿದೆಯಲ್ಲ, ಯಾಕೆ?"

"ಗಿರಾಕಿ ಕೋಟು ಹಾಕ್ಕೊಂಡು ಹೋಗಿ ಫೋಟೋ ತೆಗೆಸಿಕೊಂಡ."

"ಕೋಟು ಹರಿದಿತ್ತಾ?"

"ಇಲ್ಲ."

"ಕಲೆ ಆಗಿತ್ತಾ?"

"ಇಲ್ಲಕ್ಕ. ಇಸ್ತ್ರಿ ಮಾಡಿ ವಾಪಸ್ ನೇತುಹಾಕಿದ್ದ."

"ಮತ್ತೆ ಕೈಗೆ ಸಿಗೋ ಅಂಥದ್ದು ಏನು ಕಳೀತು, ಅವನನ್ನ ಬಿಡಿಸೋಕೆ?"

ಲಾಂಡ್ರಿಯವರು ಇಸ್ತ್ರಿ ಪೆಟ್ಟಿಗೆಯ ಹಿಡಿ ಒರೆಸತೊಡಗಿದರು. ಅವರ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಕೊನೆಗೆ ಅವರೇ, ಬೇರೆಯವರು ನಂಬಿ ಕೊಟ್ಟದ್ದು, ಕೇಳದೆ ಮುಟ್ಟಬಾರದಿತ್ತು ಎಂದರು. ಹೇಳುವಾಗಲೇ ಅವರ ಕಣ್ಣು ಮಗನ ಮೇಲೆ ಹೋಯಿತು. ತಾನು ಏನು ಹೇಳಿದೆ ಎಂದು ಅವರಿಗೇ ತಿಳಿಯಿತು.

ಅತ್ತೆ ಬಿಡಿಸಿ ಹೇಳಿದರು. ವಸ್ತು ಮುಟ್ಟಲು ಸಿಗುತ್ತದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಅದನ್ನು ಮಾಡಲು ಯಾರೋ ತಮ್ಮ ಹೊತ್ತು ಹಾಕಿದ್ದಾರೆ, ಯಾರೋ ಅದನ್ನು ತಮ್ಮದೆಂದು ಕಾಪಾಡಿದ್ದಾರೆ, ಇನ್ನೊಬ್ಬರು ಅದನ್ನು ಕೇಳದೆ ಎತ್ತಿಕೊಂಡಿದ್ದಾರೆ. ಅಷ್ಟಾದರೆ ಅದು ಕಳ್ಳತನವೇ. ಬೇರೆಯವರ ಪಾಸ್‌ವರ್ಡಿನಲ್ಲಿ ಒಳಗೆ ನುಗ್ಗುವುದು ಬೇರೆಯವರ ಮನೆಗೆ ನುಗ್ಗಿದ ಹಾಗೆಯೇ. ಮಕ್ಕಳಾಟ ಎಂದು ನಕ್ಕುಬಿಟ್ಟರೆ, ಇದೇ ಜಾಣತನ ಬೆಳೆಯುತ್ತ ಹೋಗುತ್ತದೆ. ಅವರ ಕೇಂದ್ರಕ್ಕೆ ಬಂದಿದ್ದ ಒಬ್ಬ ಹುಡುಗ ಮೊದಲು ಕದ್ದದ್ದು ಆಟದ ಒಂದು ಕತ್ತಿಯನ್ನಂತೆ. ಮನೆಯಲ್ಲಿ ಎಲ್ಲರೂ ಭೇಷ್ ಎಂದರಂತೆ. ಆಮೇಲೆ ಅವನು ಸ್ವಂತ ಅಜ್ಜಿಯ ಬ್ಯಾಂಕ್ ಖಾತೆಯೊಳಗೇ ಕೈ ಹಾಕಿದ.

"ಅದಕ್ಕೇ ಅಲ್ವಾ ನಾನು ಹೊಡೆದಿದ್ದು?" ಎಂದರು ಲಾಂಡ್ರಿಯವರು.

ಇದಕ್ಕೆ ಉತ್ತರ ಕೊಟ್ಟವಳು ಅವರ ಹೆಂಡತಿ. "ಹಸಿ ರಕ್ತದ ಕಲೆಗೆ ಬಿಸಿನೀರು ಹಾಕಬೇಡ್ರೋ, ಕಲೆ ಕೂತ್ಕೊಳ್ಳುತ್ತೆ ಅಂತ ಅಂಗಡಿ ಹುಡುಗರಿಗೆ ದಿನಾ ಬೈತೀರಲ್ಲ. ಮನೇಲಿ ಮಾತ್ರ ಹಂಡೆಗಟ್ಟಲೆ ಸುರಿದ್ರಿ."

ಅಷ್ಟು ಹೊತ್ತು ತಲೆ ತಗ್ಗಿಸಿಕೊಂಡಿದ್ದ ಕಡ್ಡಿ ಆಗ ಮಾತಾಡಿದ. ಅವನು ಹೇಳಿದ್ದನ್ನು ಕೇಳಿ ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಅಕೌಂಟ್ ಪೂರ್ತಿ ಹೋಗಿಲ್ಲ ಅತ್ತೆ. ಅಪ್ಪ ಓದದೇ ಒತ್ತಿದ್ರು. ಕೆಲವು ದಿನ ಇಟ್ಟುಕೊಂಡಿರ್ತೀವಿ, ಅಷ್ಟರೊಳಗೆ ವಾಪಸ್ ತೆಗೀಬಹುದು ಅಂತ ಅಲ್ಲಿ ಬರೆದಿತ್ತು. ಅಪ್ಪನ ಸಿಟ್ಟು ಇಳಿದ ಮೇಲೆ ಸುಮ್ಮನೆ ತೆಗೆದುಕೊಳ್ಳೋಣ ಅಂತಿದ್ದೆ."

"ಎಲ್ಲಾ ನಿನಗೇ ಇಟ್ಟುಕೊಳ್ಳೋಣ ಅಂತ?" ಎಂದು ಅತ್ತೆ ಕೇಳಿದರು.

ಕಡ್ಡಿ ಮತ್ತೆ ತಲೆ ತಗ್ಗಿಸಿದ.

ನೋಡಿದಿರಾ? ಎರಡು ಏಟಿನಿಂದ ಅವನು ಕಲಿತದ್ದು ಇಷ್ಟೇ, ಇನ್ನೊಂದು ಸಲ ಇನ್ನೂ ಚೆನ್ನಾಗಿ ಬಚ್ಚಿಡಬೇಕು ಎಂದು. ಲಾಂಡ್ರಿಯವರ ಮುಖ ನೋಡಲಾಗಲಿಲ್ಲ ನನಗೆ. ಅವರ ನ್ಯಾಯದಿಂದ ಗುಬ್ಬಿಗೆ ಮನೆ ಸಿಗಲಿಲ್ಲ, ಮಗನಿಗೆ ಬುದ್ಧಿಯೂ ಬರಲಿಲ್ಲ. ಆದರೆ ಗುಬ್ಬಿಯ ಕಣ್ಣಿಗೆ ಮಾತ್ರ ಜೀವ ಬಂದಿತ್ತು. ವಾಪಸ್ ಬರುತ್ತದೆ ಎಂಬ ಒಂದೇ ಮಾತು ಅವಳ ಕಿವಿಗೆ ಬಿದ್ದಿತ್ತು.

ಗುಬ್ಬಿಯ ಅಮ್ಮನಿಗೆ ಇದರಿಂದ ಸಿಟ್ಟು ಇನ್ನೂ ಏರಿತು. ಬೀದಿಯವರ ಗ್ರೂಪಿಗೆ ಹಾಕಲೆಂದು ಕಡ್ಡಿಯ ಫೋಟೋದ ಕೆಳಗೆ ಕಳ್ಳ ಎಂದು ಬರೆದು ಸಿದ್ಧವಾಗಿಟ್ಟುಕೊಂಡಿದ್ದಳು, ಕಳಿಸುವುದೊಂದೇ ಬಾಕಿ. ಪೊಲೀಸರಿಗೂ ಹೇಳುತ್ತೇನೆ ಎಂದಳು. ಅತ್ತೆ ಅವಳ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು.

"ದೂರು ಕೊಡೋದು ನಿನ್ನ ಹಕ್ಕು. ಬೇಡ ಅನ್ನೋಕೆ ನಾನ್ಯಾರು? ಇವನು ಬೆದರಿಸಿದ್ರೆ, ಮಾಲು ಮಾರಿಕೊಂಡಿದ್ರೆ, ಹೇಳಿದ ಮೇಲೂ ಮತ್ತೆ ಮಾಡಿದ್ರೆ, ಇವನ ಹಿಂದೆ ದೊಡ್ಡವರ ಕೈ ಇದ್ರೆ, ನಾನೇ ನಿನ್ನ ಜೊತೆ ಸ್ಟೇಷನ್‌ಗೆ ಬರ್ತೀನಿ. ಇದು ಇವನ ಮೊದಲನೇ ತಪ್ಪು, ವಸ್ತು ವಾಪಸ್ ಬರೋ ದಾರಿನೂ ಇದೆ. ಮೊದಲು ಆ ದಾರಿ ಹಿಡಿಯೋಣ. ಅದು ಮುಚ್ಚಿಹೋದ್ರೆ ಸ್ಟೇಷನ್ ಬಾಗಿಲು ತೆರೆದೇ ಇರುತ್ತೆ. ಆದ್ರೆ ಆ ಫೋಟೋ ಮಾತ್ರ ಹಾಕಬೇಡ. ಅದನ್ನ ನಾಳೆ ನೀನೇ ಅಳಿಸಿದ್ರೂ ಬೀದಿ ಅಳಿಸಲ್ಲ. ಮುಂದೆ ಇವನು ಎಲ್ಲಿ ಹೋದ್ರೂ ಅದು ಇವನ ಮುಂದೆ ಹೋಗಿ ನಿಂತಿರುತ್ತೆ."

ಗುಬ್ಬಿಯ ಅಮ್ಮ ಸ್ವಲ್ಪ ಹೊತ್ತು ಫೋನನ್ನೇ ನೋಡಿದಳು. ಆಮೇಲೆ ಆ ಫೋಟೋ ಅಳಿಸಿದಳು. ಪೂರ್ತಿ ಮನಸ್ಸಿನಿಂದಲ್ಲ, ಆದರೂ ಅಳಿಸಿದಳು. ಅವಳ ಜಾಗದಲ್ಲಿ ನಾನಿದ್ದರೆ ಅಷ್ಟೂ ಮಾಡುತ್ತಿದ್ದೆನೋ ಇಲ್ಲವೋ.

ಅಲ್ಲಿಂದ ಕೆಲಸ ಚಕಚಕನೆ ನಡೆಯಿತು. ಅತ್ತೆ ಮೊದಲು ಗುಬ್ಬಿಯ ಕೈಯಿಂದ ಪಾಸ್‌ವರ್ಡ್ ಬದಲು ಮಾಡಿಸಿದರು. ಹೊಸದನ್ನು ಯಾರಿಗೂ ಹೇಳಬೇಡ, ಎಷ್ಟೇ ಬೇಕಾದವರಿದ್ದರೂ ಹೇಳಬೇಡ, ಫೋನ್ ರಿಪೇರಿಗೆ ಕೊಟ್ಟರೆ ವಾಪಸ್ ಬಂದ ಕೂಡಲೇ ಬದಲಾಯಿಸು ಎಂದರು. ಖಾಲಿ ದ್ವೀಪದ ಸ್ಕ್ರೀನ್‌ಶಾಟ್ ತೆಗೆಸಿ ಇಟ್ಟರು, ನಾಳೆ ಬೇಕಾದರೆ ಸಾಕ್ಷಿ ಇರಲಿ ಎಂದು. ಆಮೇಲೆ ಕಡ್ಡಿ ಅಪ್ಪನಿಂದ ಫೋನ್ ಇಸಿದುಕೊಂಡು ಎಲ್ಲರ ಎದುರು ತನ್ನ ಅಕೌಂಟನ್ನು ವಾಪಸ್ ತೆರೆದ. ಮನೆ ಇತ್ತು, ಬೆಂಚು ಇತ್ತು, ಹೂಗಿಡಗಳಿದ್ದವು. ಒಂದೊಂದನ್ನೇ ಅವನು ಕಳಿಸುತ್ತ ಹೋದ, ಗುಬ್ಬಿ ತನ್ನ ಫೋನಿನಲ್ಲಿ ಒಂದೊಂದನ್ನೇ ಹೆಸರು ಹೇಳಿ ತೆಗೆದುಕೊಳ್ಳುತ್ತ ಹೋದಳು. ಇನ್ನೊಬ್ಬರ ಹೆಸರಿನಲ್ಲಿ ಒಳಗೆ ಹೋಗಿದ್ದೆ, ತೆಗೆದದ್ದನ್ನು ವಾಪಸ್ ಕೊಟ್ಟಿದ್ದೇನೆ ಎಂದು ಆಟದ ಕಂಪನಿಗೂ ಕಡ್ಡಿಯೇ ಬರೆದು ಕಳಿಸಬೇಕಾಯಿತು. ಅವರು ತನ್ನ ಅಕೌಂಟನ್ನೇ ಮುಚ್ಚಿಬಿಟ್ಟರೆ ಎಂದು ಕೇಳಿದ. ಮುಚ್ಚಿದರೆ ಮುಚ್ಚಲಿ, ಅದು ನಿನ್ನ ಪಾಲಿಗೆ ಬಂದದ್ದು ಎಂದರು ಅತ್ತೆ. ಮಾಡಿದ್ದುಣ್ಣೋ ಮಹಾರಾಯ.

ದೀಪಸ್ತಂಭ ಮಾತ್ರ ಬರಲಿಲ್ಲ. ಅದರ ಕಲ್ಲುಗಳನ್ನು ಕಡ್ಡಿ ಗೆಳೆಯರಿಗೆ ಹಂಚಿ ಮುಗಿಸಿದ್ದ.

ಲಾಂಡ್ರಿಯವರು ಮತ್ತೆ ಬಿಸಿಯಾದರು. ವರ್ಷವಿಡೀ ಫೋನ್ ಮುಟ್ಟಕೂಡದು, ಅದೇ ಶಿಕ್ಷೆ ಎಂದರು. ಫೋನ್ ಇಲ್ಲದೆ ಅವನು ಕಟ್ಟಿಕೊಡುವುದು ಹೇಗೆ ಎಂದು ಅತ್ತೆ ಕೇಳಿದರು. ಕೆಡವಿದವನು ಕಟ್ಟಲಿ. ಕಟ್ಟಿ ಮುಗಿಯುವವರೆಗೂ ತನ್ನ ಸ್ವಂತ ಆಟಕ್ಕೆ ಕೈ ಹಾಕಕೂಡದು. ದಿನವೂ ಶಾಲೆಯಿಂದ ಬಂದು, ಬಾಗಿಲು ಮುಚ್ಚಿದ ಕೋಣೆಯಲ್ಲಲ್ಲ, ಇಲ್ಲಿ ಅಂಗಡಿಯಲ್ಲಿ ದೊಡ್ಡವರ ಕಣ್ಣೆದುರು ಕೂತು ಕಲ್ಲು ಒಡೆಯಲಿ. ಗುಬ್ಬಿ ಸರಿ ಎಂದರೆ ಸರಿ, ಅಲ್ಲ ಎಂದರೆ ಮತ್ತೆ ಮಾಡಲಿ. ಇಷ್ಟು ಹೇಳಿ ಗುಬ್ಬಿಯ ಕಡೆ ತಿರುಗಿ, ನಿನಗೆ ಇನ್ನೇನು ಬೇಕು ಎಂದು ಕೇಳಿದರು.

ಗುಬ್ಬಿ ತಡಮಾಡಲಿಲ್ಲ. "ನಮ್ಮಪ್ಪನಿಗೆ ಕಡ್ಡಿ ಅಣ್ಣನೇ ಹೇಳಬೇಕು."

ಕಡ್ಡಿಯ ಮುಖ ಬಿಳಿಚಿಕೊಂಡಿತು. "ಅದೊಂದು ಬೇಡ ಅತ್ತೆ. ಬೇಕಿದ್ರೆ ಅಪ್ಪನ ಕೈಲಿ ಇನ್ನೆರಡು ಹೊಡೆಸಿ," ಎಂದ.

ಆ ಮಾತು ಕೇಳಿ ಲಾಂಡ್ರಿಯವರು ಕೂತಲ್ಲಿಂದ ಎದ್ದುಬಿಟ್ಟರು. ತಮ್ಮ ಏಟು ಎಷ್ಟು ಅಗ್ಗದ್ದು ಎಂದು ಅವರಿಗೆ ಅರ್ಥವಾದದ್ದು ಆಗಲೇ ಎಂದು ನನಗನ್ನಿಸುತ್ತದೆ. ಏಟು ತಿಂದರೆ ಬಾಕಿ ತೀರಿತು, ಇನ್ನು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಕಳೆದುಕೊಂಡವರ ಎದುರು ನಿಂತು ನಾನೇ ಕದ್ದೆ ಎನ್ನುವುದಕ್ಕೆ ಬೇಕಾಗುವ ಧೈರ್ಯ ಬೇರೆ.

ಮರುದಿನದಿಂದ ನನ್ನ ಮೂಲೆಯಲ್ಲಿ ಇನ್ನೊಂದು ಸ್ಟೂಲು ಬಿತ್ತು. ಕಡ್ಡಿ ಕಲ್ಲು ಒಡೆಯುವನು, ಸಾಗಿಸುವನು, ಇಡುವನು. ಗುಬ್ಬಿ ಮೇಸ್ತ್ರಿ. ಆ ಕಲ್ಲು ವಾರೆ ಇದೆ, ಈ ಸಾಲು ಬಣ್ಣ ತಪ್ಪಿದೆ, ಕಿಟಕಿ ಸಮುದ್ರದ ಕಡೆಗೇ ಇರಬೇಕು ಎಂದು ತೆಗೆಸಿ ಇಡಿಸುವಳು. ಅವಳ ಬಾಯಿಗೆ ಹೆದರಿ ನಾನೂ ನನ್ನ ಹೊಲಿಗೆ ನೇರ ಮಾಡಿಕೊಂಡೆ. ಮೊದಮೊದಲು ಕಡ್ಡಿ ಮುಖ ಗಂಟಿಕ್ಕಿಕೊಂಡೇ ಕೂರುತ್ತಿದ್ದ. ಬರುಬರುತ್ತಾ ಅವನೇ, ಇಲ್ಲಿ ಅಂಕಲ್ ಒಳಗೆ ಮೆಟ್ಟಿಲು ಇಟ್ಟಿದ್ದರಾ, ಎಷ್ಟು ಅಗಲ ಇತ್ತು ಎಂದು ಕೇಳತೊಡಗಿದ. ಒಂದು ಸಂಜೆ ಲಾಂಡ್ರಿಯವರು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಬಂದು ಮಗನ ಹೆಗಲ ಮೇಲಿಂದ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಒಂದು ಸಾಲು ಏಳಲು ಇಷ್ಟು ಹೊತ್ತು ಬೇಕೇ ಎಂದು ಕೇಳಿದರು. ಹೌದು ಮಾಮ, ಅಪ್ಪ ಅಡುಗೆ ಕೆಲಸ ಮುಗಿಸಿ ಬಂದು ಕಟ್ಟುತ್ತಿದ್ದರು ಎಂದಳು ಗುಬ್ಬಿ. ಅವರು ಹೋಗಿ ಮತ್ತೆ ಇಸ್ತ್ರಿ ಹಿಡಿದರು.

ಸ್ತಂಭ ಇನ್ನೂ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಂದಿತ್ತು, ಅಷ್ಟರಲ್ಲಿ ಹಡಗು ದಡಕ್ಕೆ ಬಂತು. ಅಂಗಡಿ ತೆರೆದಿದ್ದ ಹೊತ್ತಿನಲ್ಲೇ ವಿಡಿಯೋ ಕರೆ ಬಂತು. ಹಿಂದೆ ಪಾತ್ರೆಗಳ ಸದ್ದು, ಬಿಳಿ ಟೋಪಿ ಹಾಕಿದ ಅಡುಗೆಯವರ ನಗುಮುಖ. ದೀಪಸ್ತಂಭ ಯಾಕೆ ಕುಳ್ಳಗಾಗಿದೆ ಎಂದು ಅವರು ಮಗಳನ್ನು ಕೇಳಿದರು. ಗುಬ್ಬಿ ಫೋನನ್ನು ಕಡ್ಡಿಯ ಕೈಗೆ ಕೊಟ್ಟಳು.

ಕಡ್ಡಿ ಫೋನನ್ನು ಮುಖದ ಎದುರು ಹಿಡಿದ. "ಅಂಕಲ್, ಅದನ್ನ ಒಡೆದಿದ್ದು ನಾನು. ಗುಬ್ಬಿ ಪಾಸ್‌ವರ್ಡ್ ನನಗೆ ಗೊತ್ತಿತ್ತು. ಎಲ್ಲಾ ನಾನೇ ಕದ್ದೆ. ಗುಬ್ಬಿದು ಏನೂ ತಪ್ಪಿಲ್ಲ."

ಅಡುಗೆಯವರ ಮುಖದಿಂದ ನಗು ಹೋಯಿತು. ಹಿಂದೆ ಯಾರೋ ಅವರನ್ನು ಕೂಗಿದರು, ಅವರು ತಿರುಗಲಿಲ್ಲ.

"ಅಲ್ಲಿ ಒಂದು ಕಲ್ಲು ಇಟ್ಟಾಗ, ಮನೆಗೆ ಹೋಗಿ ಮಗಳನ್ನ ನೋಡಿಕೊಂಡು ಬಂದ ಹಾಗೆ ಆಗ್ತಿತ್ತು ಕಣಪ್ಪ ನನಗೆ," ಎಂದರು. "ನೀನು ಕದ್ದಿದ್ದು ಅದನ್ನ."

ಅಪ್ಪ ಹೊಡೆದಾಗ ಒಂದು ಹನಿ ಕಣ್ಣೀರೂ ಹಾಕದ ಹುಡುಗ ಅಂಗಡಿ ತುಂಬ ಗಿರಾಕಿಗಳಿದ್ದಾರೆ ಎಂಬುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತ. ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ. ಅಳಬೇಕಾಗಿತ್ತು, ಅತ್ತ. ಆಗ ಲಾಂಡ್ರಿಯವರು ಕೌಂಟರಿನ ಹಿಂದಿನಿಂದ ಬಂದು ಫೋನಿನ ಮುಂದೆ ನಿಂತರು. ಮೊದಲು ಗುಬ್ಬಿಯನ್ನು ನೋಡಿದರು, ಆಮೇಲೆ ಅವಳ ಅಪ್ಪನನ್ನು.

"ನಾನು ಅದನ್ನ ಕೇಳಿ ನಕ್ಕೆ. ಆಮೇಲೆ ಏನೂ ತಿಳ್ಕೊಳ್ಳದೆ ಎಲ್ಲಾ ಅಳಿಸೋಕೆ ಹೋದೆ. ನನ್ನ ಮಗ ಕದ್ದ, ನಾನು ಹಾಳು ಮಾಡೋಕೆ ಹೊರಟಿದ್ದೆ. ನನ್ನದೂ ತಪ್ಪಾಯ್ತು ಗುಬ್ಬಿ."

ಇಷ್ಟು ವರ್ಷ ಆ ಅಂಗಡಿಯಲ್ಲಿ ಕೂತಿದ್ದೇನೆ, ಆ ಮನುಷ್ಯ ತಪ್ಪಾಯಿತು ಎಂದದ್ದನ್ನು ನಾನು ಕೇಳಿರಲಿಲ್ಲ. ಅದೂ ಒಂದು ಚಿಕ್ಕ ಹುಡುಗಿಗೆ, ಗಿರಾಕಿಗಳ ಎದುರು. ಯಾವ ಮಾನ ಹೋಗುತ್ತದೆ ಎಂದು ಹೆದರಿ ಅವರು ಅಂದು ಕೈ ಎತ್ತಿದ್ದರೋ, ಆ ಮಾನ ಇಂದು ದುಪ್ಪಟ್ಟಾಗಿ ಬಂತು.

ಅಡುಗೆಯವರು ಕಡ್ಡಿಯನ್ನು ಕರೆದರು. ತನಗೆ ಸಿಟ್ಟು ಬಂದಿದೆ, ಅದು ಇವತ್ತೇ ಹೋಗುವುದಿಲ್ಲ ಎಂದು ನೇರವಾಗಿ ಹೇಳಿದರು. ಆಮೇಲೆ ಹೇಳಿದರು: "ಆದ್ರೆ ನೀನೇ ಬಂದು ಹೇಳಿದೆ. ಉಳಿದಿದ್ದನ್ನ ಕಟ್ಟಿ ಮುಗಿಸು. ಮೇಲಿನ ಕೊನೇ ಸಾಲು ಮಾತ್ರ ಬಿಡು. ಅದನ್ನ ನಾನೂ ಗುಬ್ಬಿನೂ ಇಡ್ತೀವಿ."

ಕಡ್ಡಿ ಕಣ್ಣೊರೆಸಿಕೊಂಡು ಸ್ಟೂಲಿನ ಮೇಲೆ ಕೂತು ಮತ್ತೆ ಕಲ್ಲು ಒಡೆಯತೊಡಗಿದ. ಗುಬ್ಬಿ ಪಕ್ಕದಲ್ಲಿ ನಿಂತು, ಆ ಸಾಲು ವಾರೆ ಇದೆ ಅಣ್ಣ, ತೆಗಿ ಎಂದಳು.

ಬಂಧುಗಳೇ, ಅಕ್ಕತಂಗಿಯರೇ, ಈ ಕಥೆಯನ್ನು ನಾನು ಸುಮ್ಮನೆ ಹೊತ್ತು ಕಳೆಯಲು ಹೇಳಲಿಲ್ಲ. ನಾಳೆ ನಿಮ್ಮ ಮಗನೋ ಮಗಳೋ ಇಂಥದ್ದೇ ತಪ್ಪು ಮಾಡಿ ನಿಮ್ಮ ಮುಂದೆ ನಿಲ್ಲಬಹುದು. ಆಗ ನಗಬೇಡಿ, ಫೋನೊಳಗಿನ ವಸ್ತು ತಾನೇ ಎನ್ನಬೇಡಿ. ಕೈಯನ್ನೂ ಎತ್ತಬೇಡಿ, ಬೀದಿಗೆ ಎಳೆದು ಹೆಸರು ಕೆಡಿಸಬೇಡಿ, ಸಿಟ್ಟಿನ ಭರದಲ್ಲಿ ಏನನ್ನೂ ಅಳಿಸಬೇಡಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ಮೊದಲು ಕಳೆದುಕೊಂಡವರ ಮಾತು ಕೇಳಿ. ಕದ್ದದ್ದನ್ನು ಕದ್ದವನ ಕೈಯಿಂದಲೇ ವಾಪಸ್ ಕೊಡಿಸಿ, ಕೆಟ್ಟದ್ದನ್ನು ಅವನ ಬೆವರಿನಿಂದಲೇ ಸರಿ ಮಾಡಿಸಿ, ನಾನೇ ಮಾಡಿದೆ ಎಂದು ಅವನ ಬಾಯಿಂದಲೇ ಹೇಳಿಸಿ. ಇದು ಮೆತ್ತನೆಯ ಶಿಕ್ಷೆ ಎಂದು ಯಾರಾದರೂ ಅಂದರೆ, ನಮ್ಮ ಕಡ್ಡಿಯನ್ನು ಕೇಳಲಿ. ಇಷ್ಟಾದರೂ ದಾರಿಗೆ ಬಾರದಿದ್ದರೆ ಕಾನೂನು ಇದ್ದೇ ಇದೆ, ಅಲ್ಲಿಗೆ ಹೋಗಲು ಅಂಜಬೇಡಿ.

ಮಕ್ಕಳೇ, ನಿಮಗೂ ಒಂದು ಮಾತು. ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ಯಾರಾದರೂ ನಂಬಿ ಕೊಟ್ಟರೆ, ಅದನ್ನು ಮರೆತುಬಿಡಿ. ನಿಮ್ಮದು ಏನಾದರೂ ಕಳುವಾದರೆ ನಾಚಿಕೊಂಡು ಒಳಗೇ ನುಂಗಿಕೊಳ್ಳಬೇಡಿ, ಮನೆಯವರಿಗೆ ಬಂದು ಹೇಳಿ.

ದೊಡ್ಡವರೇ, ತಪ್ಪು ಆಗುವವರೆಗೂ ಕಾಯಬೇಡಿ. ಇವತ್ತೇ ಮಗುವಿನ ಪಕ್ಕ ಹೋಗಿ ಕೂತುಕೊಳ್ಳಿ. ನಿನ್ನ ಆಟದಲ್ಲಿ ಏನೇನು ಕಟ್ಟಿದ್ದೀಯ, ಯಾರ ಜೊತೆ ಕಟ್ಟಿದ್ದೀಯ, ನನಗೂ ತೋರಿಸು ಎಂದು ಕೇಳಿ. ಕೇಳಿ ನೋಡಿ, ಎಷ್ಟು ಖುಷಿಯಿಂದ ತೋರಿಸುತ್ತಾರೆಂದು.